ಶಿಪ್ಪಿಂಗ್ ಬಿಲ್‌ನ ಯಾವ ಕಾಲಂ ನಂಬಬೇಕು?

ಒಂದೇ ವರ್ಷದ ಕಾಫಿ ರಫ್ತಿಗೆ ಎರಡು ಲೆಕ್ಕ. ಒಂದು ಕಾಫಿ ಮಂಡಳಿಯದು, ಇನ್ನೊಂದು ದೇಶದ ಆಮದು-ರಫ್ತಿನ ಅಂಕಿಅಂಶ ಇಡುವ ಸರ್ಕಾರಿ ಕಚೇರಿ, ಕೋಲ್ಕತ್ತಾದ ಡಿಜಿಸಿಐಎಸ್‌ನದು. ಸಭೆಯಲ್ಲಿ ಹಿರಿಯ ರಫ್ತುದಾರರೊಬ್ಬರು ಎರಡೂ ಹಾಳೆಗಳನ್ನು ನನ್ನ ಮುಂದಿಟ್ಟು, "ಏನಪ್ಪಾ, ಇದರಲ್ಲಿ ಯಾವುದು ಸುಳ್ಳು?" ಅಂದರು. ನಾನು ಆಗಷ್ಟೇ ಬೆಂಗಳೂರಿನ ರಫ್ತುದಾರರ ಸಂಘವೊಂದರಲ್ಲಿ ಅಂಕಿಅಂಶದ ಕೆಲಸಕ್ಕೆ ಸೇರಿದ್ದೆ. ಸಂಖ್ಯಾಶಾಸ್ತ್ರ ಓದಿದ್ದೆ. ಆದರೆ ಶಿಪ್ಪಿಂಗ್ ಬಿಲ್ ಅನ್ನುವುದನ್ನು, ಅಂದರೆ ಮಾಲು ಹೊರದೇಶಕ್ಕೆ ಕಳಿಸುವಾಗ ಕಸ್ಟಮ್ಸ್‌ಗೆ ಕೊಡುವ ಫಾರಂ ಅನ್ನು, ಕಣ್ಣಾರೆ ನೋಡಿರಲಿಲ್ಲ. "ನೋಡಿ ಹೇಳ್ತೀನಿ ಸಾರ್" ಅಂದುಬಿಟ್ಟೆ. ನೋಡಿ ಹೇಳುವುದಕ್ಕೆ ಮೂರು ತಿಂಗಳು ಹಿಡಿಯಿತು.

ಸುಳ್ಳು ಯಾವುದೂ ಅಲ್ಲ ಅನ್ನುವುದು ಮೊದಲು ತಿಳಿದ ವಿಷಯ. ಡಿಜಿಸಿಐಎಸ್ ಲೆಕ್ಕ ಕಸ್ಟಮ್ಸ್‌ನಿಂದ ಬರುತ್ತದೆ. ಡಬ್ಬದಲ್ಲಿ ಎಷ್ಟು ತೂಕದ ಮಾಲು ಹೋಯಿತೋ ಅಷ್ಟೇ ತೂಕ. ಕಾಫಿ ಮಂಡಳಿ ರಫ್ತಿನ ಪರ್ಮಿಟ್ ಹಿಡಿದು ಲೆಕ್ಕ ಹಾಕುತ್ತದೆ, ಮತ್ತು ಎಲ್ಲವನ್ನೂ ಹಸಿರು ಬೀಜದ ತೂಕಕ್ಕೆ ತಿರುಗಿಸುತ್ತದೆ. ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಕಿಲೋ ಇನ್‌ಸ್ಟಂಟ್ ಕಾಫಿ ಪುಡಿ ಅಂದರೆ 2.6 ಕಿಲೋ ಹಸಿರು ಬೀಜ. ಹುರಿದ ಕಾಫಿಗೆ 1.19. ಅಲ್ಲಿಗೆ 1,000 ಟನ್ ಇನ್‌ಸ್ಟಂಟ್ ಪುಡಿ ಒಂದು ಪುಸ್ತಕದಲ್ಲಿ 1,000 ಟನ್, ಇನ್ನೊಂದರಲ್ಲಿ 2,600 ಟನ್. ಸಾಲದ್ದಕ್ಕೆ ಹೊರದೇಶದ ಬೀಜ ತರಿಸಿ, ಇಲ್ಲಿ ಪುಡಿ ಮಾಡಿ, ಮತ್ತೆ ಕಳಿಸುವ ಮಾಲೂ ಇದೆ. ಅದನ್ನು ಸೇರಿಸಿದರೆ ಒಂದು ಲೆಕ್ಕ, ಬಿಟ್ಟರೆ ಇನ್ನೊಂದು. ಪರ್ಮಿಟ್ ಮಾರ್ಚಿಯಲ್ಲಿ ಸಿಕ್ಕಿ ಹಡಗು ಏಪ್ರಿಲ್‌ನಲ್ಲಿ ಹೊರಟರೆ ವರ್ಷವೇ ಬದಲಾಗುತ್ತದೆ. ಕಾಫಿಗೆ ಮಾರ್ಚಿ-ಏಪ್ರಿಲ್ ಅಂದರೆ ಸುಗ್ಗಿಯ ಮಾಲು ಹೊರಡುವ ಕಾಲ. ಹಾಗಾಗಿ ಈ ವ್ಯತ್ಯಾಸ ಸಣ್ಣದೂ ಅಲ್ಲ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದುಕೊಟ್ಟೆ. ಹಿರಿಯರು ಓದಿ, "ಸರಿ, ಹಾಗಾದರೆ ತಪ್ಪೇ ಇಲ್ಲ ಅಂತೀಯಾ?" ಅಂದರು. ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು.

ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ನೋಡಲು ಮಂಗಳೂರಿಗೆ ಹೋದೆ. ಪಣಂಬೂರಿನಲ್ಲಿ, ಬಂದರಿನ ಹತ್ತಿರ, ಒಬ್ಬ ಸಿಎಚ್‌ಎಯ, ಅಂದರೆ ರಫ್ತುದಾರರ ಪರವಾಗಿ ಕಸ್ಟಮ್ಸ್‌ಗೆ ಕಾಗದಪತ್ರ ಸಲ್ಲಿಸುವ ಏಜೆಂಟರ, ಆಫೀಸು. ಕಸ್ಟಮ್ಸ್ ಬ್ರೋಕರ್ ಅನ್ನುವುದು ಈಗಿನ ಹೆಸರು, ಬಾಯಲ್ಲಿ ಎಲ್ಲರೂ ಇನ್ನೂ ಸಿಎಚ್‌ಎ ಅಂತಲೇ ಅನ್ನುತ್ತಾರೆ. ಅಲ್ಲೊಬ್ಬ ಹುಡುಗ ಶಿಪ್ಪಿಂಗ್ ಬಿಲ್ ಟೈಪ್ ಮಾಡುತ್ತಿದ್ದ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಎರಡು ದಿನ ಕೂತೆ. ಹಳೆಯ ಬಿಲ್ ಒಂದನ್ನು ತೆರೆಯುತ್ತಿದ್ದ, ಕಾಪಿ ಮಾಡುತ್ತಿದ್ದ, ಬದಲಾಗಬೇಕಾದ್ದನ್ನು ಬದಲಾಯಿಸುತ್ತಿದ್ದ. ಇನ್‌ವಾಯ್ಸ್ ಮೊತ್ತವನ್ನು ಮೂರು ಸಲ ನೋಡಿದ. ಎಚ್‌ಎಸ್ ಕೋಡ್, ಅಂದರೆ ಮಾಲು ಯಾವುದು ಅಂತ ಹೇಳುವ ಅಂತಾರಾಷ್ಟ್ರೀಯ ಸಂಖ್ಯೆ, ಒಂದು ಸಲ ನೋಡಿದ. ತೂಕವನ್ನು ಪ್ಯಾಕಿಂಗ್ ಲಿಸ್ಟ್‌ನಿಂದ ಹಾಗೇ ಇಳಿಸಿಕೊಂಡ. ಜಿಲ್ಲೆಯ ಕಾಲಂ ಮುಟ್ಟಲೇ ಇಲ್ಲ, ಹಿಂದಿನ ಬಿಲ್‌ನಲ್ಲಿ ಇದ್ದದ್ದೇ ಉಳಿಯಿತು.

"ಮೊತ್ತ ಯಾಕೆ ಅಷ್ಟು ಸಲ ನೋಡ್ತೀಯಾ?" ಅಂತ ಕೇಳಿದೆ.

"ಅದು ತಪ್ಪಿದ್ರೆ ಬ್ಯಾಂಕಿನವರು ಬಿಡಲ್ಲ ಸಾರ್. ಡ್ರಾಬ್ಯಾಕ್, ಅದೇ ಸರ್ಕಾರ ವಾಪಸ್ ಕೊಡೋ ಸುಂಕ, ನಿಲ್ಲುತ್ತೆ. ಪಾರ್ಟಿ ನನಗೆ ಬೈತಾರೆ."

"ಜಿಲ್ಲೆ ತಪ್ಪಿದ್ರೆ?"

ನಕ್ಕ. "ಯಾರು ಕೇಳ್ತಾರೆ?"

ಎರಡು ವರ್ಷ ಎಂಎಸ್‌ಸಿಯಲ್ಲಿ ಕಲಿಯದ್ದನ್ನು ಆ ಹುಡುಗ ಒಂದು ನಗುವಿನಲ್ಲಿ ಕಲಿಸಿದ. ಫಾರಂನ ಒಂದೊಂದು ಕಾಲಂ ತಪ್ಪಾದರೂ ಪೆಟ್ಟು ಬೀಳುವುದು ಬೇರೆ ಬೇರೆ ಕಡೆ. ಮೊತ್ತವನ್ನು ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆ ಹಿಂಬಾಲಿಸುತ್ತದೆ. ಹೊರಗಿನಿಂದ ದುಡ್ಡು ಬಂತೋ ಇಲ್ಲವೋ ಅಂತ ಬಿಲ್ಲಿಗೆ ಬಿಲ್ಲು ತಾಳೆ ಆಗಬೇಕು. ಕೋಡ್ ತಪ್ಪಿದರೆ ಪ್ರೋತ್ಸಾಹಧನದ ದರ ಬದಲಾಗಬಹುದು, ಹಾಗಾಗಿ ಅದಕ್ಕೆ ಅರ್ಧ ಕಾವಲು. ತೂಕಕ್ಕೆ ಕಾಲು ಕಾವಲು. ಮಾಲು ಬೆಳೆದ ಜಿಲ್ಲೆ ಬರೆಯಬೇಕು ಅಂತ 2021ರಲ್ಲಿ ಕಡ್ಡಾಯ ಮಾಡಿದರು, ಅದಕ್ಕೆ ಕಾವಲೇ ಇಲ್ಲ. ಅವತ್ತಿನಿಂದ ಯಾವ ಅಂಕಿ ಸಿಕ್ಕರೂ ನಾನು ಮೊದಲು ಕೇಳುವುದು ಒಂದೇ: ಇದು ತಪ್ಪಾದರೆ ಯಾರ ಜೇಬಿಗೆ ಕತ್ತರಿ?

ಮುಂದಿನ ದಾರಿ ಇದರಿಂದಲೇ ಸಿಕ್ಕಿತು. ಮೊತ್ತ ಗಟ್ಟಿ, ತೂಕ ಸಡಿಲ. ಗಟ್ಟಿಯದನ್ನು ಸಡಿಲದಿಂದ ಭಾಗಿಸಿದರೆ ಕಿಲೋಗೆ ಇಷ್ಟು ಅಂತ ಬೆಲೆ ಬರುತ್ತದೆ. ಸಡಿಲ ಎಲ್ಲಿದೆ ಅಂತ ಆ ಬೆಲೆಯೇ ಹೇಳುತ್ತದೆ.

ಮಿಡಿಸೌತೆಯಲ್ಲಿ, ಅಂದರೆ ಗರ್ಕಿನ್‌ನಲ್ಲಿ, ಇದನ್ನು ಮಾಡಿ ನೋಡಿದೆ. ಭಾರತದ ಗರ್ಕಿನ್ ಉದ್ಯಮ 1990ರ ದಶಕದಲ್ಲಿ ಕರ್ನಾಟಕದಲ್ಲೇ ಸಣ್ಣದಾಗಿ ಶುರುವಾದದ್ದು. 2020-21ರಲ್ಲಿ ದೇಶದಿಂದ ಹೋದ ಸೌತೆ ಮತ್ತು ಗರ್ಕಿನ್ ಸುಮಾರು 2.23 ಲಕ್ಷ ಟನ್, ಸುಮಾರು 22.3 ಕೋಟಿ ಡಾಲರ್. ಭಾಗಿಸಿದರೆ ಕಿಲೋಗೆ ಸುಮಾರು ಒಂದು ಡಾಲರ್. ಬೆಂಚ್‌ಮಾರ್ಕ್ ಅಂತ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸಲೀಸು ಬೇಕಾ? ಈಗ ಯಾವುದೋ ಬಿಲ್‌ನಲ್ಲಿ ಕಿಲೋಗೆ ಸಾವಿರ ಡಾಲರ್ ಅಂತ ಬಂದರೆ ಟನ್ ಬರೆಯುವ ಜಾಗದಲ್ಲಿ ಕಿಲೋ ಅಂತ ಬಿದ್ದಿದೆ. ಇಂಥ ದೊಡ್ಡ ತಪ್ಪು ಹಿಡಿಯುವುದು ಸುಲಭ. ಕಷ್ಟ ಆದದ್ದು ಎರಡು ಡಾಲರ್ ಬಂದ ಬಿಲ್‌ಗಳು.

ಅವು ಒಂದೇ ಫ್ಯಾಕ್ಟರಿಯವು. ಮೊದಲು ಇವರಿಗೆ ಒಳ್ಳೆ ಗಿರಾಕಿ ಸಿಕ್ಕಿದ್ದಾನೆ ಅಂದುಕೊಂಡೆ. ಫೋನ್ ಮಾಡಿದಾಗ ಸಂಗತಿ ಹೊರಬಂತು. ಗಾಜಿನ ಬಾಟಲಿಯಲ್ಲಿ ಅರ್ಧ ಕಾಯಿ, ಅರ್ಧ ವಿನಿಗರ್ ನೀರು ಇರುತ್ತದೆ. ಉಳಿದವರು ಕಾಯಿ, ನೀರು ಎರಡೂ ಸೇರಿದ ನಿವ್ವಳ ತೂಕ ಬರೆಯುತ್ತಿದ್ದರು. ಇವರು ನೀರು ಬಸಿದ ಮೇಲಿನ ತೂಕ ಬರೆಯುತ್ತಿದ್ದರು, ಲೇಬಲ್‌ನಲ್ಲಿ ಗಿರಾಕಿ ಅದನ್ನೇ ಕೇಳುತ್ತಾನೆ ಅಂತ. ಇಬ್ಬರಿಗೂ ಅವರವರ ಕಾರಣ ಇತ್ತು. ಆದರೆ ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದರೆ ಬರುವ ಟನ್ನು ಯಾವ ತಕ್ಕಡಿಯಲ್ಲೂ ತೂಗದ ಟನ್ನು.

ಕೋಡ್ ಗೊಂದಲ ಬೇರೆ. ಉಪ್ಪುನೀರಿನ ಡ್ರಮ್ಮಿನಲ್ಲಿ ತಾತ್ಕಾಲಿಕವಾಗಿ ಕೆಡದಂತೆ ಇಟ್ಟ ಕಾಯಿ 0711 40ಕ್ಕೆ ಹೋಗಬೇಕು. ವಿನಿಗರ್‌ನಲ್ಲಿ ತಿನ್ನಲು ಸಿದ್ಧವಾದದ್ದು 2001 10ಕ್ಕೆ. ಒಂದನ್ನು ಮಾತ್ರ ನೋಡಿ "ರಫ್ತು ಬಿದ್ದುಹೋಯಿತು" ಅಂತ ವರದಿ ಬರೆಯುವವರನ್ನು ನೋಡಿದ್ದೇನೆ. ರಫ್ತು ಬಿದ್ದಿರಲ್ಲ, ಪಕ್ಕದ ಕೋಡ್‌ಗೆ ಹೋಗಿ ಕೂತಿರುತ್ತದೆ.

ಲೆಕ್ಕದ ವಿಧಾನದ ಬಗ್ಗೆ ಒಂದು ಮಾತು. ಸರಾಸರಿ ತೆಗೆದು ಅದರಿಂದ ದೂರ ಇರುವುದನ್ನು ಹಿಡಿಯುವ ಪಾಠದ ವಿಧಾನ ಇಲ್ಲಿ ಕೈಕೊಡುತ್ತದೆ. ಸಾವಿರ ಪಟ್ಟು ತಪ್ಪಿದ ಒಂದೇ ಬಿಲ್ ಸರಾಸರಿಯನ್ನೇ ತನ್ನ ಕಡೆ ಎಳೆದುಕೊಳ್ಳುತ್ತದೆ. ಆಮೇಲೆ ಎರಡು ಪಟ್ಟಿನ ತಪ್ಪುಗಳೆಲ್ಲ ಸಾಧುಗಳ ಹಾಗೆ ಕಾಣುತ್ತವೆ. ನಾನು ಬೆಲೆಗೆ ಲಾಗ್ ತೆಗೆದು, ನಡುವಿನ ಬೆಲೆ ಅಂದರೆ ಮೀಡಿಯನ್ ಹಿಡಿದು, ಅದರ ಆಚೀಚೆ ಎಷ್ಟು ಹರಡಿದೆ ಅಂತ ನೋಡುತ್ತೇನೆ. ಅದೂ ಕೋಡ್, ದೇಶ, ಮೂರು ತಿಂಗಳು ಹೀಗೆ ಬೇರೆ ಬೇರೆ ಮಾಡಿ. ಇಷ್ಟಕ್ಕೆ ಎಕ್ಸೆಲ್ ಸಾಕು.

ಇನ್ನೊಂದು ಅಳತೆ ಸುಮ್ನೆ ಕಣ್ಣಿಗೆ ಬಿದ್ದದ್ದು. ನಮ್ಮ ಎಂಟು ಅಂಕಿಯ ಪಟ್ಟಿಯಲ್ಲಿ ಕಾಫಿಗೆ ಗ್ರೇಡ್‌ವಾರು ಕೋಡ್ ಇವೆ. ಅರೇಬಿಕಾ ಪ್ಲಾಂಟೇಷನ್ ಎ ಗ್ರೇಡ್ 0901 11 11, ಬಿ ಗ್ರೇಡ್ 0901 11 12, ಹೀಗೆ ರೊಬಸ್ಟಾ ಚೆರಿಯವರೆಗೆ. ಕೊನೆಯಲ್ಲಿ 0901 11 90, 'ಇತರೆ'. ಈ ಇತರೆಯ ಪಾಲು ತಿಂಗಳಿಂದ ತಿಂಗಳಿಗೆ ಎಷ್ಟು ಅಂತ ಬರೆದಿಡಿ. ಬೀಜ ಬದಲಾಗದೆ ಇತರೆ ಜಾಸ್ತಿ ಆದರೆ ಟೈಪ್ ಮಾಡುವವರಿಗೆ ಬೇಜಾರು ಹತ್ತಿದೆ ಅಂತ ಅರ್ಥ.

ಆಮೇಲೆ ಕನ್ನಡಿ ಲೆಕ್ಕ. ನಾವು ಇಟಲಿಗೆ ಕಳಿಸಿದ ಕಾಫಿ ಇಟಲಿಯ ಆಮದು ಪುಸ್ತಕದಲ್ಲೂ ಇರಬೇಕು ಅಲ್ವಾ? ಯೂರೋಪಿನ ಅಂಕಿ ಅಲ್ಲಿನ ಅಂಕಿಅಂಶ ಕಚೇರಿ ಯೂರೋಸ್ಟ್ಯಾಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪಕ್ಕಪಕ್ಕ ಇಟ್ಟೆ. ಕೂಡಲಿಲ್ಲ. ಕೂಡುವ ಹಾಗೂ ಇರಲಿಲ್ಲ. ನಮ್ಮ ರಫ್ತು ಎಫ್‌ಒಬಿ, ಅಂದರೆ ಹಡಗು ಹತ್ತುವವರೆಗಿನ ಬೆಲೆ. ಅವರ ಆಮದು ಸಿಐಎಫ್, ಬಾಡಿಗೆ ಮತ್ತು ವಿಮೆ ಸೇರಿದ ಬೆಲೆ. ಈ ವ್ಯತ್ಯಾಸಕ್ಕೆ ಐಎಂಎಫ್ ಬಹಳ ಕಾಲ 10% ಅಂತ ಹಿಡಿಯುತ್ತಿತ್ತು, ಆಮೇಲೆ 6%ಗೆ ಇಳಿಸಿತು. ಹಾಗಾಗಿ ನಾನು ಬೆಲೆ ಬಿಟ್ಟು ಬರೀ ತೂಕ ಹೋಲಿಸಿದೆ. ಆಗಲೂ ಹಡಗಿನ ದಿನಗಳು ಅಡ್ಡ ಬಂದವು. ಮಂಗಳೂರಿನಿಂದ ಮಾರ್ಚಿಯಲ್ಲಿ ಹೊರಟದ್ದು ಅಲ್ಲಿ ಏಪ್ರಿಲ್ ಅಥವಾ ಮೇ ಲೆಕ್ಕ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದ ಮೇಲೆ ಇನ್ನಷ್ಟು ತಡ. ಅವತ್ತಿನ ತನಕ ಸರಿ ಹೊಂದುತ್ತಿದ್ದ ನನ್ನ ಒಂದು ತಿಂಗಳ ಸರಿಸುವಿಕೆ ಆಮೇಲೆ ಕೆಲಸಕ್ಕೆ ಬರಲಿಲ್ಲ.

ಬೆಲ್ಜಿಯಂನದು ಇನ್ನೂ ಮಜಾ. ಆಂಟ್‌ವರ್ಪ್‌ನಲ್ಲಿ ಇಳಿದ ಚೀಲ ಅಲ್ಲೇ ಗೋದಾಮಿನಲ್ಲಿ ಕೂತು, ಆಮೇಲೆ ಬೇರೆ ದೇಶಕ್ಕೆ ಹೋಗಬಹುದು. ಇದಕ್ಕೆ ಪಕ್ಕದ ನೆದರ್‌ಲ್ಯಾಂಡ್ಸ್‌ನ ದೊಡ್ಡ ಬಂದರಿನ ಮೇಲೆ ರಾಟರ್‌ಡ್ಯಾಮ್ ಪರಿಣಾಮ ಅಂತಲೇ ಹೆಸರಿದೆ. ದೇಶ ದೇಶ ತಾಳೆ ಹಾಕುವುದು ಬಿಟ್ಟು ಇಡೀ ಯೂರೋಪ್ ಒಕ್ಕೂಟವನ್ನು ಒಂದೇ ಗಿರಾಕಿ ಅಂತ ಹಿಡಿದ ಮೇಲೆ ಅಂತರ ಬಹಳ ಕುಗ್ಗಿತು. ಉಳಿದ ಅಂತರದಲ್ಲಿ ಮಾತ್ರ ತಪ್ಪು ಹುಡುಕಲು ಕೂತೆ.

ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಮಲೆನಾಡಿನ ಬೆಳೆಗಾರರ ಸಭೆಗೆ ಅಡಿಕೆ ಆಮದಿನ ಗ್ರಾಫ್ ಮಾಡಿಕೊಂಡು ಹೋಗಿದ್ದೆ. 2012ಕ್ಕೆ ಮುಂಚೆ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಹಿಂದೆ ಕೂತಿದ್ದ ಅಜ್ಜ ಒಬ್ಬರು, "ತಮ್ಮಾ, ಆಗ ಅಡಿಕೆ ಬರ್ತಾನೇ ಇರಲಿಲ್ವಾ? ನಾವು ಸುಮ್ನೆ ಗಲಾಟೆ ಮಾಡಿದ್ವಾ?" ಅಂದರು. ಮುಖ ಕೆಂಪಾಯಿತು. 0802 80 ಅಂತ ಅಡಿಕೆಗೇ ಬೇರೆ ಕೋಡ್ ಬಂದದ್ದು ಎಚ್‌ಎಸ್ 2012ರ ಪರಿಷ್ಕರಣೆಯಲ್ಲಿ. ಅದಕ್ಕೆ ಮುಂಚೆ ಅಡಿಕೆ 0802 90ರ ಒಳಗೆ ಇತ್ತು. ಈ ಪಟ್ಟಿ ಸುಮಾರು ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹಳೆ ಕೋಡ್, ಹೊಸ ಕೋಡ್ ಜೋಡಿಸುವ ಪಟ್ಟಿ ಇಲ್ಲದೆ ಗ್ರಾಫ್ ಎಳೆಯಬಾರದು ಅಂತ ಅವತ್ತು ಗಟ್ಟಿಯಾಯಿತು.

ಅಡಿಕೆಯಲ್ಲೇ ಇನ್ನೊಂದು ಗಮನಿಸಿ. 2023ರಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆ ಕಿಲೋಗೆ 351 ರೂಪಾಯಿ ಅಂತ ಮಾಡಿದರು. ಅದಕ್ಕಿಂತ ಕಡಿಮೆ ಬೆಲೆ ತೋರಿಸಿದರೆ ಮಾಲು ತರುವ ಹಾಗಿಲ್ಲ. ಅಂದ ಮೇಲೆ ಬಿಲ್‌ನಲ್ಲಿ 351ರ ಮೇಲೆ ಕಾಣುವ ಬೆಲೆಯನ್ನು ಪೇಟೆ ಬರೆಯಿತಾ, ನಿಯಮ ಬರೆಯಿತಾ? 'ಹುರಿದ ಅಡಿಕೆ' ಅಂತ ಬೇರೆ ಕೋಡ್‌ನಲ್ಲಿ ತರುವ ದಾರಿ ತೆರೆದಾಗ 2025ರಲ್ಲಿ ಅದಕ್ಕೂ ಇದೇ ಬೆಲೆ ಕಟ್ಟಿದರು. ಇಲ್ಲಿ ಮೊತ್ತದ ಕಾಲಂ ಕೂಡ ಗಟ್ಟಿ ಅಲ್ಲ. ನನ್ನ ಗಟ್ಟಿ-ಸಡಿಲದ ಸೂತ್ರ ರಫ್ತಿಗೆ ಹೊಂದಿದ ಹಾಗೆ ಆಮದಿಗೆ ಹೊಂದುವುದಿಲ್ಲ.

ದೊಡ್ಡ ಮಟ್ಟದಲ್ಲೂ ಹೀಗೇ ಎಡವುತ್ತಾರೆ. 2011ರ ಡಿಸೆಂಬರ್‌ನಲ್ಲಿ ದೇಶದ ರಫ್ತನ್ನು 900 ಕೋಟಿ ಡಾಲರ್ ಜಾಸ್ತಿ ಎಣಿಸಿದ್ದೇವೆ ಅಂತ ವಾಣಿಜ್ಯ ಸಚಿವಾಲಯವೇ ಹೇಳಿತು. 2024ರ ನವೆಂಬರ್‌ನ ಚಿನ್ನದ ಆಮದು ಮೊದಲು ಸುಮಾರು 1,480 ಕೋಟಿ ಡಾಲರ್ ಅಂತ ಬಂತು, ಆಮೇಲೆ 984 ಕೋಟಿಗೆ ಇಳಿಯಿತು. ವಿಶೇಷ ಆರ್ಥಿಕ ವಲಯಗಳ ಮಾಹಿತಿ ಹಳೆಯ ಎಸ್‌ಇಝೆಡ್ ಆನ್‌ಲೈನ್ ವ್ಯವಸ್ಥೆಯಿಂದ ಕಸ್ಟಮ್ಸ್‌ನ ಪೋರ್ಟಲ್ ಐಸ್‌ಗೇಟ್‌ಗೆ ಬದಲಾಗುವಾಗ ಒಂದೇ ಚಿನ್ನ ಎರಡು ಸಲ ಎಣಿಕೆಯಾಗಿತ್ತು. ಅವತ್ತು ಟಿವಿಯಲ್ಲಿ ಎಲ್ಲರೂ ಮದುವೆ ಸೀಸನ್, ಸುಂಕ ಇಳಿಕೆ ಅಂತ ಕಾರಣ ಕೊಟ್ಟರು. ನಾನೂ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅದನ್ನೇ ಬರೆದಿದ್ದೆ. ಅಳಿಸಿಲ್ಲ, ನೆನಪಿಗಿರಲಿ ಅಂತ. ಈಗ ಸಾಫ್ಟ್‌ವೇರ್ ಬದಲಾಗುವ ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಕೆಂಪಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ.

ತಿದ್ದುವ ಕೆಲಸಕ್ಕೆ ಬರುತ್ತೇನೆ. ಬಿಲ್ ಮಟ್ಟದ ಮಾಹಿತಿ ನಮಗೆ ಸರ್ಕಾರದಿಂದ ಸಿಗುವುದಿಲ್ಲ. ಇನ್ನೊಬ್ಬರ ಆಮದು-ರಫ್ತಿನ ವಿವರ ಬಹಿರಂಗ ಮಾಡುವುದನ್ನು 2022ರಲ್ಲಿ ಕಸ್ಟಮ್ಸ್ ಕಾಯ್ದೆಗೆ 135ಎಎ ಸೇರಿಸಿ ಅಪರಾಧ ಮಾಡಿದ್ದಾರೆ. ಹಾಗಾಗಿ ಸದಸ್ಯರನ್ನೇ ಕೇಳಿದೆ, "ನಿಮ್ಮ ಬಿಲ್ ಪ್ರತಿ ನೀವೇ ಕೊಡಿ, ನಿಮ್ಮ ತಪ್ಪನ್ನು ನಿಮಗೊಬ್ಬರಿಗೇ ಹೇಳುತ್ತೇನೆ" ಅಂತ. ಮೊದಲು ಅನುಮಾನಪಟ್ಟರು. ಪಕ್ಕದ ಫ್ಯಾಕ್ಟರಿಗೆ ರೇಟು ಗೊತ್ತಾದರೆ ಅನ್ನುವ ಭಯ. ಕೆಲವರು ಗಿರಾಕಿ ಹೆಸರು ಮಸಿ ಬಳಿದು ಕೊಟ್ಟರು, ನನಗೆ ಅದು ಬೇಕಿರಲೂ ಇಲ್ಲ.

ತಿಂಗಳಿಗೊಂದು ಚೀಟಿ ಕಳಿಸತೊಡಗಿದೆ. ಈ ಬಿಲ್‌ನ ಈ ಸಾಲಿನಲ್ಲಿ ಕಿಲೋ ಬೆಲೆ ನಿಮ್ಮದೇ ಹಿಂದಿನ ಬಿಲ್‌ಗಳಿಗಿಂತ ಇಷ್ಟು ದೂರ ಇದೆ, ನೋಡಿ, ಅಷ್ಟೇ. 'ತಪ್ಪು' ಅನ್ನುವ ಪದ ಬಳಸಲಿಲ್ಲ. ನಿಜವಾಗಿಯೂ ತಪ್ಪಿದ್ದರೆ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್‌ನಲ್ಲಿ ತಿದ್ದುಪಡಿಗೆ ಅವಕಾಶ ಇದೆ. ಆದರೆ ಅದಕ್ಕೆ ಅಲೆಯಬೇಕು, ಹೆಚ್ಚಿನವರು ಅಲೆಯುವುದಿಲ್ಲ. ಮುಂದಿನ ಬಿಲ್ ಸರಿ ಬರಲಿ ಅನ್ನುವುದೇ ನನ್ನ ಗುರಿ ಆಯಿತು.

ಜಾಸ್ತಿ ಫಲ ಕೊಟ್ಟದ್ದು ಮಾತ್ರ ಒಂದು ಹಾಳೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಲ್ಯಾಮಿನೇಟ್ ಮಾಡಿಸಿ ಸಿಎಚ್‌ಎ ಆಫೀಸುಗಳಿಗೆ ಹಂಚಿದೆವು. ಯಾವ ಡ್ರಮ್ಮಿಗೆ ಯಾವ ಕೋಡ್, ಬಾಟಲಿಗೆ ಯಾವ ತೂಕ ಬರೆಯಬೇಕು, ಕಾಫಿ ಗ್ರೇಡ್‌ಗಳ ಕೋಡ್ ಪಟ್ಟಿ. ರಫ್ತುದಾರರಿಗೆ ಹೇಳಿ ಇನ್‌ವಾಯ್ಸ್‌ನಲ್ಲೇ ಎಂಟು ಅಂಕಿಯ ಕೋಡ್ ಮತ್ತು ಕಿಲೋ ತೂಕ ಮುದ್ರಿಸುವ ಹಾಗೆ ಮಾಡಿದೆವು. ಟೈಪ್ ಮಾಡುವವನು ಊಹಿಸುವ ಕೆಲಸ ತಪ್ಪಿತು. ಒಂದು ವರ್ಷದೊಳಗೆ ನನ್ನ ತಿಂಗಳ ಚೀಟಿಗಳು ಕಿರಿದಾದವು. ಸೂತ್ರ, ಲಾಗ್, ಮೀಡಿಯನ್ ಎಲ್ಲ ಸೇರಿ ಮಾಡದ್ದನ್ನು ಆ ಹಾಳೆ ಮಾಡಿತು ಅಂತ ಒಪ್ಪಿಕೊಳ್ಳಲು ಸ್ವಲ್ಪ ಹೊಟ್ಟೆಯುರಿಯುತ್ತದೆ.

ಜಿಲ್ಲೆಯ ಕಾಲಂ ಮಾತ್ರ ಇನ್ನೂ ನೆಟ್ಟಗಾಗಿಲ್ಲ. ಕೊಡಗಿನ ತೋಟದ ಬೀಜ, ಚಿಕ್ಕಮಗಳೂರಿನ ಬೀಜ ಎರಡೂ ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕಾರ್ಖಾನೆಯಲ್ಲಿ, ಒಂದೇ ರಾಶಿ ಆದ ಮೇಲೆ ಯಾವ ಜಿಲ್ಲೆ ಬರೆಯಬೇಕು? ಫ್ಯಾಕ್ಟರಿ ಇರುವ ಜಿಲ್ಲೆ ಅಂತ ಕೆಲವರು, ಆಫೀಸ್ ಇರುವ ಬೆಂಗಳೂರು ಅಂತ ಕೆಲವರು. ಹೋದ ವಾರ ಪಣಂಬೂರಿನ ಹುಡುಗ ಫೋನ್ ಮಾಡಿದ್ದ. ಈಗ ಅವನ ಕೈಕೆಳಗೆ ಇನ್ನಿಬ್ಬರು ಇದ್ದಾರೆ.

"ಸಾರ್, ಮೂರು ಜಿಲ್ಲೆ ಬೀಜ ಇದೆ ಅಂತ ಪಾರ್ಟಿ ಹೇಳ್ತಿದ್ದಾರೆ. ಒಂದೇ ಬರೆಯಕ್ಕೆ ಜಾಗ ಇರೋದು. ಯಾವುದು ಹಾಕಲಿ?"

ಜಾಸ್ತಿ ತೂಕ ಯಾವುದರದೋ ಅದನ್ನು ಹಾಕು ಅಂದೆ. ಅದು ಪಾರ್ಟಿಗೂ ಗೊತ್ತಿಲ್ಲವಂತೆ. ವಿಚಾರಿಸಿ ಹೇಳ್ತೀನಿ ಅಂತ ಇಟ್ಟ.