ಹಾಸ್ಟೆಲ್‌ನಲ್ಲಿ ಖಾಲಿ ಕಾಟ್ ತುಂಬಿಸುವ ಕೆಲಸ

ನಾನು ಹಳೇ ಮೈಸೂರು ಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ., ಎಂ.ಎಸ್ಸಿ. ಹುಡುಗಿಯರ ಹಾಸ್ಟೆಲ್ ವಾರ್ಡನ್. ಅಡ್ಮಿಷನ್ ಮುಗಿದ ವಾರ ರೂಮು ಹಂಚಿಬಿಟ್ಟರೆ ಕೆಲಸ ಮುಗಿಯಿತು ಅಂತ ಹೊರಗಿನವರು ತಿಳಿದಿರುತ್ತಾರೆ. ನಿಜವಾದ ಕೆಲಸ ಆಮೇಲೆ ಇರುವುದು. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಬ್ಬಳಿಗೆ ಬಿ.ಎಡ್. ಸೀಟು ಸಿಗುತ್ತದೆ. ಇನ್ನೊಬ್ಬಳಿಗೆ ಮದುವೆ ಗೊತ್ತಾಗುತ್ತದೆ. ಮತ್ತೊಬ್ಬಳು ಪೊಲೀಸ್ ಕೆಲಸ ಸಿಕ್ಕಿ ಟ್ರೈನಿಂಗಿಗೆ ಹೊರಡುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಬಸ್ಸಿಗೆ ದುಡ್ಡು ಕೊಡಬೇಕಿಲ್ಲವಲ್ಲ ಅಂತ ಹತ್ತಿರದ ಊರಿನವರು ಮಗಳನ್ನು ಹಾಸ್ಟೆಲ್ ಬಿಡಿಸುವುದೂ ಇದೆ.

ಹೋದವರು ಆಫೀಸಿಗೆ ಬಂದು ಹೇಳುವುದು ಕಡಿಮೆ. ಮೂವರ ರೂಮಿನಲ್ಲಿ ಉಳಿದ ಇಬ್ಬರೂ ಬಾಯಿ ಬಿಡುವುದಿಲ್ಲ. ಖಾಲಿ ಕಾಟ್ ಮೇಲೆ ಬೆಡ್‌ಶೀಟ್ ಹಾಸಿ, ಎರಡು ಬ್ಯಾಗು ಇಟ್ಟು, ಒಣಗಿದ ಬಟ್ಟೆ ಪೇರಿಸಿ, 'ಊರಿಗೆ ಹೋಗಿದಾಳೆ ಮೇಡಂ, ಬರ್ತಾಳೆ' ಅನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಬ್ಬರೇ ಇದ್ದರೆ ಜಾಗ ಜಾಸ್ತಿ, ಅಲ್ವಾ? ಆದರೆ ಅದೇ ಹೊತ್ತಿಗೆ ವೇಟಿಂಗ್ ಲಿಸ್ಟ್‌ನಲ್ಲಿರುವ ಹುಡುಗಿಯೊಬ್ಬಳು ಲ್ಯಾಬ್ ಅರ್ಧಕ್ಕೆ ಬಿಟ್ಟು ಊರಿನ ಕೊನೇ ಬಸ್ಸಿಗೆ ಓಡುತ್ತಿರುತ್ತಾಳೆ.

ಹಾಗಾಗಿ ನಾನು ರೂಮಿಗೆ ಹೋಗಿ ತಪಾಸಣೆ ಮಾಡುವುದಿಲ್ಲ, ಮೆಸ್ ರಿಜಿಸ್ಟರ್ ನೋಡುತ್ತೇನೆ. ಹದಿನೈದು ದಿನ ಯಾರ ಹೆಸರಿನ ಮುಂದೆ ಊಟದ ಗುರುತಿಲ್ಲವೋ ಅವರ ಮನೆಗೆ ಫೋನ್. ಬರುವವರಾದರೆ ಯಾವತ್ತು ಅಂತ ಹೇಳುತ್ತಾರೆ. ಬಿಟ್ಟಿದ್ದರೆ, ಕಾಷನ್ ಡೆಪಾಸಿಟ್ ವಾಪಸ್ ತಗೊಳ್ಳಲು ಯಾವಾಗ ಬರಲಿ ಅಂತ ಅವರೇ ಕೇಳುತ್ತಾರೆ.

ಖಾಲಿ ಕಾಟ್ ಒಂದು ರೂಮಿನ ವಿಷಯ ಅಲ್ಲ ಅನ್ನುವುದನ್ನು ಹುಡುಗಿಯರಿಗೆ ಮೆಸ್ ಬಿಲ್ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮಲ್ಲಿ ತಿಂಗಳ ಖರ್ಚನ್ನು ತಲೆ ಲೆಕ್ಕದಲ್ಲಿ ಹಂಚುವ ಪದ್ಧತಿ. ತರಕಾರಿ, ಅಕ್ಕಿ ಜನಕ್ಕೆ ತಕ್ಕಂತೆ ಕಡಿಮೆಯಾಗುತ್ತೆ. ಅಡುಗೆಯವರ ಸಂಬಳ ಆಗಲ್ಲ. ಸಂಬಳ ತಿಂಗಳಿಗೆ 1,20,000 ಅಂದುಕೊಳ್ಳಿ. 200 ಜನ ಇದ್ದರೆ ತಲೆಗೆ 600 ರೂಪಾಯಿ, 160ಕ್ಕೆ ಇಳಿದರೆ 750. ಈ ಲೆಕ್ಕ ಬೋರ್ಡ್ ಮೇಲೆ ಬರೆದ ಮೇಲೆ, ಖಾಲಿ ಕಾಟ್ ಎಲ್ಲಿದೆ ಅಂತ ಅವರೇ ಬಂದು ಹೇಳಲು ಶುರು ಮಾಡಿದರು.

ವೇಟಿಂಗ್ ಲಿಸ್ಟ್ ನೋಟಿಸ್ ಬೋರ್ಡ್‌ನಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಸರದಿ ಬಂದವಳನ್ನು ಕರೆದು ಮೊದಲು ಕೇಳುವುದು ಎರಡು ಮಾತು. ಹೊರಗೆ ರೂಮಿಗೆ ಅಡ್ವಾನ್ಸ್ ಕೊಟ್ಟಿದ್ದೀಯಾ? ವಿದ್ಯಾಸಿರಿ ಬರುತ್ತಿದೆಯಾ? ಅದು ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವ ಲೆಕ್ಕದಲ್ಲಿ ಶುರುವಾದ ಯೋಜನೆ. ಹಾಸ್ಟೆಲ್ ಸೇರಿದರೆ ಆ ಹಣಕ್ಕೆ ಏನಾಗುತ್ತದೆ ಅಂತ ಅವಳು ಮೊದಲೇ ವಿಚಾರಿಸಿಕೊಳ್ಳಬೇಕು. ತಿಂಗಳ ಕೊನೆಯವರೆಗೆ ಟೈಮ್ ಕೊಡುತ್ತೇನೆ.

ಇನ್ನು ಯಾರ ಜೊತೆ ಯಾರು ಅನ್ನುವುದು. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮದಲ್ಲಿ ಹೊಸಬರನ್ನು ಸಾಧ್ಯವಾದಷ್ಟೂ ಬೇರೆ ಬ್ಲಾಕ್‌ನಲ್ಲಿ ಇಡಿ ಅಂತ ಇದೆ, ಅದನ್ನು ಮೀರುವುದಿಲ್ಲ. ಅದರಾಚೆ ನಾನು ನೋಡುವುದು ಹುಡುಗಿಯರು ಬರೆದುಕೊಡುವ ಒಂದು ಚೀಟಿ. ರಾತ್ರಿ ಲೈಟ್ ಎಷ್ಟು ಹೊತ್ತಿಗೆ ಆರಿಸುತ್ತೀ? ಬೆಳಿಗ್ಗೆ ಅಲಾರಂ ಎಷ್ಟಕ್ಕೆ? ಗಟ್ಟಿಯಾಗಿ ಓದುತ್ತೀಯಾ? ಫೋನ್ ಮಾತು ರೂಮಿನಲ್ಲೋ ಹೊರಗೋ? ಫ್ಯಾನ್ ಇಲ್ಲದೆ ನಿದ್ದೆ ಬರುತ್ತಾ? ಹೆಚ್ಚಿನ ಜಗಳ ಈ ಐದರಲ್ಲೇ ಇರುತ್ತೆ. ನಾಲ್ಕಕ್ಕೆ ಎದ್ದು ಗಟ್ಟಿಯಾಗಿ ಓದುವವಳನ್ನು ಒಂದು ಗಂಟೆಗೆ ಮಲಗುವವಳ ಜೊತೆ ಹಾಕಿದರೆ ಇಬ್ಬರೂ ಎಷ್ಟೇ ಒಳ್ಳೆಯವರಾದರೂ ನಡೆಯುವುದಿಲ್ಲ.

'ನಮ್ಮವರ ಜೊತೆ ಹಾಕಿ ಮೇಡಂ' ಅಂತ ಮೆಲ್ಲಗೆ ಕೇಳುವ ತಂದೆ ತಾಯಿ ಪ್ರತಿ ವರ್ಷ ಬರುತ್ತಾರೆ. ಆಗಲ್ಲ ಅಂತ ನೇರವಾಗಿ ಹೇಳುತ್ತೇನೆ. ಅಡ್ಮಿಷನ್ ಫಾರ್ಮ್‌ನಲ್ಲಿ ಮೀಸಲಾತಿಗಾಗಿ ಜಾತಿ ಇರುತ್ತದೆ. ರೂಮು ಹಂಚುವ ದಿನ ಆ ಫೈಲ್ ನನ್ನ ಟೇಬಲ್ ಮೇಲೆ ಬರುವುದೇ ಇಲ್ಲ, ಬರೀ ಚೀಟಿಗಳು. ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಾತಿಯಲ್ಲಿ ಬೀದರ್, ರಾಯಚೂರಿನಿಂದ ಬಂದವರನ್ನೂ ಒಂದೇ ಕಡೆ ಗುಂಪು ಮಾಡುವುದಿಲ್ಲ. ಮೊದಲ ವಾರ 'ಅವರ ಮಾತು ಅರ್ಥ ಆಗಲ್ಲ' ಅನ್ನುವ ಮಂಡ್ಯದ ಹುಡುಗಿ, ದಸರಾ ರಜೆ ಮುಗಿಯುವಷ್ಟರಲ್ಲಿ ರೂಮ್‌ಮೇಟ್ ಊರಿಂದ ತಂದ ಶೇಂಗಾ ಹಿಂಡಿಗೆ ಕಾಯುತ್ತಿರುತ್ತಾಳೆ. ಇದು ನನಗೆ ತುಂಬಾ ಮುಖ್ಯ. ಈ ವಯಸ್ಸಿನಲ್ಲಿ ಬೇರೆಯವರ ಜೊತೆ ಒಂದೇ ರೂಮಿನಲ್ಲಿ ಇರದಿದ್ದರೆ ಮತ್ತೆ ಯಾವಾಗ?

ಹೊಸಬಳನ್ನು ಕಳಿಸುವ ಮುಂಚೆ ಆ ರೂಮಿನ ಇಬ್ಬರ ಜೊತೆ ಅವಳನ್ನು ಅರ್ಧ ಗಂಟೆ ಕೂರಿಸುತ್ತೇನೆ. ಬೇಡ ಅನ್ನುವ ಹಕ್ಕು ಇಬ್ಬರಿಗಿಲ್ಲ. ಯಾವ ಕಾಟ್, ಯಾವ ಕಪಾಟು, ಚಾರ್ಜರ್ ಪಾಯಿಂಟ್ ಯಾರಿಗೆ ಅನ್ನುವುದನ್ನು ನನ್ನೆದುರಿಗೇ ಮಾತಾಡಿಕೊಳ್ಳಬೇಕು. ಒಂದು ತಿಂಗಳಾದ ಮೇಲೂ ಹೊಂದದಿದ್ದರೆ ಬದಲಿಸಿಕೊಡುತ್ತೇನೆ, ದೂರು ಬರೆದುಕೊಡಬೇಕಿಲ್ಲ.

ಹೊಸ ವಾರ್ಡನ್‌ಗಳಿಗೆ ಒಂದು ಮಾತು: ಹೋಗುವವಳಿಂದ ಕಪಾಟಿನ ಬೀಗದ ಕೈ ಬರುವವರೆಗೆ ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂಸ್ ಪತ್ರಕ್ಕೆ ಸಹಿ ಹಾಕಬೇಡಿ. ಇಲ್ಲದಿದ್ದರೆ ಹೊಸಬಳು ಬಟ್ಟೆಯನ್ನೆಲ್ಲ ಟ್ರಂಕ್‌ನಲ್ಲೇ ಇಟ್ಟುಕೊಂಡು ಸೆಮಿಸ್ಟರ್ ಕಳೆಯಬೇಕಾಗುತ್ತದೆ.