ಗ್ರಾಚ್ಯುಟಿ ವಸೂಲಾತಿಯ ವಿರುದ್ಧ ನಾನೇ ವಾದಿಸಿದ ರಿಟ್ ಅರ್ಜಿ

ಮುಂಬಯಿಯ ಉಪನಗರವೊಂದರ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ನನಗೆ, ನಿವೃತ್ತಳಾದ ಕೆಲವು ತಿಂಗಳ ಬಳಿಕ ಸ್ಥಳೀಯ ಸಂಸ್ಥೆಯಿಂದ ಒಂದು ಆದೇಶ ಬಂತು. ಆರನೇ ವೇತನ ಆಯೋಗದ ಶ್ರೇಣಿಗೆ ನನ್ನ ಸಂಬಳವನ್ನು ನಿಗದಿ ಮಾಡುವಾಗ ತಪ್ಪಾಗಿತ್ತೆಂದೂ, ಹೆಚ್ಚಾಗಿ ಪಾವತಿಯಾದ ಹಣದ ಒಂದು ಭಾಗವನ್ನು, ನಿವೃತ್ತಿಯಾದಾಗ ಒಟ್ಟಿಗೆ ಸಿಗುವ ಗ್ರಾಚ್ಯುಟಿಯಿಂದ ಮುರಿದುಕೊಳ್ಳಲಾಗಿದೆಯೆಂದೂ, ಉಳಿದುದನ್ನು ಪಿಂಚಣಿಯಿಂದ ಕಂತುಗಳಲ್ಲಿ ವಸೂಲು ಮಾಡಲಾಗುವುದೆಂದೂ ಅದರಲ್ಲಿತ್ತು. ಸಂಬಳ ನಿಗದಿ ಮಾಡಿದವರು ಕಚೇರಿಯವರು. ನಾನು ಯಾವ ಸುಳ್ಳು ಮಾಹಿತಿಯನ್ನೂ ಕೊಟ್ಟಿರಲಿಲ್ಲ. ಆದೇಶಕ್ಕೆ ಮೊದಲು ನೋಟಿಸಾಗಲಿ, ನನ್ನ ಮಾತನ್ನು ಕೇಳುವ ಅವಕಾಶವಾಗಲಿ ಇರಲಿಲ್ಲ. ಇದನ್ನು ನಾನು ವಕೀಲರಿಲ್ಲದೆ ಬಾಂಬೆ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ.

ಅನ್ಯಾಯವಾಗಿದೆ ಎಂದಷ್ಟೇ ಹೇಳಿದರೆ, ಸರ್ಕಾರಿ ಸಂಸ್ಥೆಯ ಆದೇಶವನ್ನು ಹೈಕೋರ್ಟಿನಲ್ಲಿ ನೇರವಾಗಿ ಪ್ರಶ್ನಿಸುವ ರಿಟ್ ಅರ್ಜಿ ನಿಲ್ಲುವುದಿಲ್ಲ. ಸಂವಿಧಾನದ ಯಾವ ವಿಧಿಗೆ ಯಾವ ಕೃತ್ಯದಿಂದ ಧಕ್ಕೆಯಾಗಿದೆ ಎಂಬುದನ್ನು ತೋರಿಸಬೇಕು. ವಿಚಾರಣೆಯಿಲ್ಲದೆ ಮನಬಂದಂತೆ ಆದೇಶ ಮಾಡಿದ್ದು 14ನೇ ವಿಧಿಯ ಸಮಾನತೆಗೆ ವಿರುದ್ಧವಾಗಿತ್ತು. ಪಿಂಚಣಿ ಮತ್ತು ಗ್ರಾಚ್ಯುಟಿ ನೌಕರರಿಗೆ ಕೊಡುವ ದಾನವಲ್ಲ, ಅವು ಅವರ ಸ್ವತ್ತು. ಕಾನೂನಿನ ಆಧಾರವಿಲ್ಲದೆ ಅವನ್ನು ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಜಾರ್ಖಂಡ್ ರಾಜ್ಯದ ಪ್ರಕರಣವೊಂದರಲ್ಲಿ, ಆಸ್ತಿಯ ಹಕ್ಕನ್ನು ಕಾಯುವ 300ಎ ವಿಧಿಯನ್ನು ಆಧರಿಸಿ ಹೇಳಿದೆ. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲ, ಸಂವಿಧಾನಾತ್ಮಕ ಹಕ್ಕಾಗಿ ಉಳಿದಿದೆ. 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಮೂಲಭೂತ ಹಕ್ಕುಗಳಿಗಷ್ಟೇ ಇದೆ. 226ನೇ ವಿಧಿಯಡಿ ಹೈಕೋರ್ಟಿಗಿರುವ ಅಧಿಕಾರ ಅದಕ್ಕಿಂತ ವಿಶಾಲವಾದುದು. ನನ್ನಂಥವರಿಗೆ ಹೈಕೋರ್ಟೇ ಸರಿಯಾದ ಬಾಗಿಲು. ರಾಜ್ಯ ಸರ್ಕಾರದ ನೌಕರರಾಗಿದ್ದರೆ, ಸುಪ್ರೀಂ ಕೋರ್ಟಿನ 1997ರ ಎಲ್. ಚಂದ್ರಕುಮಾರ್ ತೀರ್ಪಿನಂತೆ ಮೊದಲು, ನೌಕರರ ಸೇವಾ ವ್ಯಾಜ್ಯಗಳನ್ನು ನೋಡುವ ಆಡಳಿತ ನ್ಯಾಯಮಂಡಳಿಗೆ ಹೋಗಲೇಬೇಕು. ಇದನ್ನು ಗಮನಿಸದೆ ಹೈಕೋರ್ಟಿಗೆ ಬಂದು ತಿಂಗಳುಗಟ್ಟಲೆ ಕಳೆದುಕೊಂಡವರನ್ನು ಅಲ್ಲಿಯ ಕಾರಿಡಾರಿನಲ್ಲಿ ಕಂಡಿದ್ದೇನೆ.

ಮಹಿಳೆಯಾದ ನನಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತಿತ್ತು. ಆದರೂ ನಾನೇ ವಾದಿಸಲು ನಿರ್ಧರಿಸಿದ್ದು ವಿವಾದದ ಸ್ವರೂಪವನ್ನು ನೋಡಿ. ರಿಟ್ ಅರ್ಜಿಯಲ್ಲಿ ಸಾಮಾನ್ಯವಾಗಿ ಸಾಕ್ಷಿಗಳ ವಿಚಾರಣೆ, ಪಾಟೀಸವಾಲು ಇರುವುದಿಲ್ಲ. ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ, ಮತ್ತು ದಾಖಲೆಗಳ ಮೇಲೆ ತೀರ್ಮಾನವಾಗುತ್ತದೆ. ನನ್ನ ಪ್ರಕರಣದ ದಾಖಲೆಗಳೆಲ್ಲ ಕಚೇರಿಯವೇ ಆಗಿದ್ದವು, ಪ್ರಶ್ನೆ ಒಂದೇ ಆಗಿತ್ತು: ಈ ವಸೂಲಾತಿ ಕಾನೂನುಬದ್ಧವೇ? ಸಾಕ್ಷಿಗಳನ್ನು ಪರೀಕ್ಷಿಸಬೇಕಾದ ದಾವೆಯಾಗಿದ್ದರೆ ಅಥವಾ ಯಾರದಾದರೂ ಸ್ವಾತಂತ್ರ್ಯ ಪಣಕ್ಕೊಡ್ಡಿದ ಕ್ರಿಮಿನಲ್ ಮೊಕದ್ದಮೆಯಾಗಿದ್ದರೆ ನಾನು ಖಂಡಿತ ವಕೀಲರನ್ನೇ ಆಶ್ರಯಿಸುತ್ತಿದ್ದೆ. ಇಂಥದೇ ಆದೇಶ ಪಡೆದಿದ್ದ ಸಹೋದ್ಯೋಗಿಗಳು ತಮ್ಮ ಪರವಾಗಿಯೂ ವಾದಿಸುವಂತೆ ಕೇಳಿಕೊಂಡರು. ತನ್ನ ವ್ಯಾಜ್ಯವನ್ನು ತಾನು ವಾದಿಸುವುದು ಬೇರೆ, ಇನ್ನೊಬ್ಬರ ಪರ ನಿಲ್ಲುವುದು ಬೇರೆ; ಅದಕ್ಕೆ ನ್ಯಾಯಾಲಯದ ಅನುಮತಿ ಬೇಕೆಂದು ತಿಳಿಸಿ, ನನ್ನ ಕಾಗದಗಳ ಪ್ರತಿಯನ್ನು ಮಾತ್ರ ಕೊಟ್ಟೆ.

ಕೆಲಸ ಶುರುವಾದದ್ದು ಮಾಹಿತಿ ಹಕ್ಕು ಅರ್ಜಿಯಿಂದ. ಸೇವಾ ಪುಸ್ತಕದ ಪೂರ್ಣ ಪ್ರತಿ, ವೇತನ ನಿಗದಿಯ ತಖ್ತೆ, ಲೆಕ್ಕಪರಿಶೋಧಕರ ಟಿಪ್ಪಣಿ, ವಸೂಲಾತಿಗೆ ಮಂಜೂರಾತಿ ಕೊಟ್ಟ ಕಡತದ ಹಾಳೆಗಳು, ಇವನ್ನು ಕೇಳಿದೆ. ಇವುಗಳಲ್ಲಿ ನಾನು ಮುಖ್ಯವಾಗಿ ಹುಡುಕಿದ್ದು, ಹೆಚ್ಚು ಬಂದ ಹಣವನ್ನು ಹಿಂತಿರುಗಿಸುತ್ತೇನೆಂದು ನನ್ನಿಂದ ಬರೆಸಿಕೊಂಡ ಮುಚ್ಚಳಿಕೆ ಇದೆಯೇ ಎಂಬುದನ್ನು. 2014ರ ಡಿಸೆಂಬರಿನಲ್ಲಿ ಪಂಜಾಬ್ ರಾಜ್ಯ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೆಚ್ಚುವರಿ ವೇತನವನ್ನು ವಸೂಲು ಮಾಡಬಾರದ ಐದು ಸಂದರ್ಭಗಳನ್ನು ಹೇಳಿದೆ. ಮೂರನೇ ಮತ್ತು ನಾಲ್ಕನೇ ದರ್ಜೆಯ ನೌಕರರು, ನಿವೃತ್ತರು ಅಥವಾ ಒಂದು ವರ್ಷದೊಳಗೆ ನಿವೃತ್ತರಾಗಲಿರುವವರು, ಆದೇಶಕ್ಕೆ ಮೊದಲು ಐದು ವರ್ಷಕ್ಕಿಂತ ಹೆಚ್ಚು ಕಾಲ ಪಾವತಿ ನಡೆದ ಪ್ರಕರಣಗಳು, ಈ ಮೂರೂ ನನಗೆ ಅನ್ವಯಿಸುತ್ತಿದ್ದವು. ಆದರೆ 2016ರ ಜಗದೇವ್ ಸಿಂಗ್ ತೀರ್ಪಿನಲ್ಲಿ, ಹೆಚ್ಚು ಬಂದರೆ ಹಿಂತಿರುಗಿಸುತ್ತೇನೆಂದು ಪರಿಷ್ಕೃತ ವೇತನ ಪಡೆಯುವಾಗಲೇ ಬರೆದುಕೊಟ್ಟಿದ್ದ ಅಧಿಕಾರಿಯಿಂದ ವಸೂಲಾತಿಯನ್ನು ಅದೇ ನ್ಯಾಯಾಲಯ ಎತ್ತಿಹಿಡಿದಿದೆ. ಎದುರು ಪಕ್ಷ ಇದನ್ನೇ ಹಿಡಿಯುವುದು ನಿಶ್ಚಿತವಾಗಿತ್ತು. ಸೇವಾ ಪುಸ್ತಕದಲ್ಲಿ ವೇತನ ನಿಗದಿಯ ಕಾಲದ ಮುಚ್ಚಳಿಕೆ ಇರಲಿಲ್ಲ. ಇದ್ದದ್ದು ಪಿಂಚಣಿ ಕಾಗದಗಳ ಜೊತೆ ನಿವೃತ್ತಿಯ ಹೊತ್ತಿಗೆ ಸಹಿ ಹಾಕಿಸಿಕೊಂಡ ಒಂದು ಅಚ್ಚು ನಮೂನೆ. ವೇತನ ನಿಗದಿ ಮತ್ತು ಈ ನಮೂನೆ, ಎರಡರ ದಿನಾಂಕಗಳನ್ನೂ ಅರ್ಜಿಯಲ್ಲಿ ನಾನಾಗಿಯೇ ಮುಂದಿಟ್ಟೆ. ಪ್ರತಿಕೂಲವಾಗಿ ಕಾಣುವ ಕಾಗದವನ್ನು ಮರೆಮಾಚಿದರೆ ರಿಟ್ ಅರ್ಜಿ ಆ ಒಂದು ಕಾರಣಕ್ಕೇ ವಜಾ ಆಗಬಹುದು.

ಅರ್ಜಿಯ ಕರಡಿನಲ್ಲಿ ನನಗೆ ನೆರವಾದವನು ಮುಂಬಯಿಯ ಫೋರ್ಟ್ ಪ್ರದೇಶದ ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನ್ನ ಹಳೆಯ ವಿದ್ಯಾರ್ಥಿ. "ಟೀಚರ್, ನಿಮಗಾದ ನೋವು ನ್ಯಾಯಮೂರ್ತಿಗಳಿಗೆ ತಾರೀಖುಗಳಲ್ಲೇ ಕಾಣಬೇಕು, ವಿಶೇಷಣಗಳು ಬೇಡ" ಎಂದ. ಆ ಮಾತಿನಂತೆ ಮೊದಲು ದಿನಾಂಕಗಳ ಪಟ್ಟಿ, ನಂತರ ಸಂಗತಿಗಳು, ಆಮೇಲೆ ಆಧಾರಗಳು, ಕೊನೆಗೆ ಕೋರಿಕೆ ಎಂದು ಬರೆದು, ಪ್ರತಿ ಹೇಳಿಕೆಯ ಮುಂದೆ ದಾಖಲೆಯ ಪುಟಸಂಖ್ಯೆ ಹಾಕಿದೆ. ಕೋರಿಕೆಗಳು ಮೂರೇ: ವಸೂಲಾತಿಯ ಆದೇಶವನ್ನು ರದ್ದುಗೊಳಿಸುವುದು, ಮುರಿದುಕೊಂಡ ಹಣವನ್ನು ಬಡ್ಡಿಸಹಿತ ಮರಳಿಸುವಂತೆ ನಿರ್ದೇಶಿಸುವುದು, ತೀರ್ಪಿನವರೆಗೆ ಪಿಂಚಣಿಯ ಕಡಿತವನ್ನು ತಡೆಯುವುದು. ಅಧಿಕಾರಿಯ ಮೇಲೆ ಕ್ರಮ ಬೇಕೆಂಬ ಆಸೆ ನನಗೂ ಇತ್ತು. ಆದರೆ ಅದನ್ನು ಸೇರಿಸಿದ್ದರೆ ಸರಳವಾದ ಕಾನೂನಿನ ಪ್ರಶ್ನೆ ವ್ಯಕ್ತಿಗಳ ನಡುವಿನ ಜಗಳವಾಗುತ್ತಿತ್ತು. 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್ ಆದುದರಿಂದ, ಮರಾಠಿಯಲ್ಲಿದ್ದ ಆದೇಶಗಳಿಗೆಲ್ಲ ಭಾಷಾಂತರವನ್ನೂ ಜೋಡಿಸಬೇಕಾಯಿತು.

ಸ್ವತಃ ವಾದಿಸುವವರ ಕಾಗದಗಳನ್ನು ಬಾಂಬೆ ಹೈಕೋರ್ಟಿನಲ್ಲಿ ರಿಜಿಸ್ಟ್ರಿಯ, ಅಂದರೆ ನ್ಯಾಯಾಲಯದ ಕಚೇರಿಯ, ಅಧಿಕಾರಿಗಳ ಸಮಿತಿಯೊಂದು ಪರಿಶೀಲಿಸುತ್ತದೆ. ಅರ್ಜಿದಾರರಿಗೆ ತಮ್ಮ ಪ್ರಕರಣವನ್ನು ಸಂಯಮದಿಂದ ಮಂಡಿಸುವ ಸಾಮರ್ಥ್ಯವಿದೆಯೇ ಎಂದು ಮಾತನಾಡಿಸಿ ನೋಡಿ, ಪ್ರಮಾಣಪತ್ರ ಕೊಡುತ್ತದೆ. ಇದನ್ನು ಅವಮಾನವೆಂದು ಭಾವಿಸುವವರಿದ್ದಾರೆ. ನನಗೆ ಅದು ಒಳ್ಳೆಯ ತಾಲೀಮಾಯಿತು, ಏಕೆಂದರೆ ಅವರು ಕೇಳಿದ ಮೊದಲ ಪ್ರಶ್ನೆಯನ್ನೇ ಮುಂದೆ ಅರ್ಜಿಯ ವಿಚಾರಣೆ ನಡೆಸಿದ, ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠವೂ ಕೇಳಿತು. ರಿಜಿಸ್ಟ್ರಿಯ ಆಕ್ಷೇಪಣೆಗಳನ್ನು, ಅಂಚು, ಪುಟಸಂಖ್ಯೆ, ಮಸುಕಾದ ಪ್ರತಿ ಇಂಥವನ್ನು, ಕೊಟ್ಟ ಗಡುವಿನೊಳಗೆ ಸರಿಪಡಿಸಲೇಬೇಕು.

ಬೋರ್ಡಿನಲ್ಲಿ, ಅಂದರೆ ದಿನದ ಪ್ರಕರಣಗಳ ಪಟ್ಟಿಯಲ್ಲಿ, ಹೆಸರು ಬಂದರೂ ಸಂಜೆಯವರೆಗೆ ಸರದಿ ಬಾರದ ದಿನಗಳು ಸಾಕಷ್ಟಿದ್ದವು. ಸರದಿ ಬಂದಾಗ ಸಿಕ್ಕಿದ್ದು ಕೆಲವೇ ನಿಮಿಷ. ಮೊದಲ ವಾಕ್ಯದಲ್ಲೇ ಆದೇಶದ ದಿನಾಂಕ, ನಿವೃತ್ತಿಯ ದಿನಾಂಕ, ನೋಟಿಸ್ ಇಲ್ಲದಿರುವುದು, ಈ ಮೂರನ್ನು ಹೇಳಿದೆ. ಮುಚ್ಚಳಿಕೆಯ ಪ್ರಶ್ನೆ ಬಂದಾಗ ಪುಟವನ್ನು ತೋರಿಸಿ, ಸಂಬಳ ಪಡೆದು ವರ್ಷಗಳಾದ ಮೇಲೆ ಪಿಂಚಣಿಗಾಗಿ ಹಾಕಿಸಿಕೊಂಡ ಸಹಿಯು ಜಗದೇವ್ ಸಿಂಗ್ ಪ್ರಕರಣದ ಮುಚ್ಚಳಿಕೆಗೆ ಸಮವಲ್ಲವೆಂದು ವಾದಿಸಿದೆ. ನೌಕರರ ವಂಚನೆಯಿಲ್ಲದೆ ಕಚೇರಿಯ ತಪ್ಪು ಲೆಕ್ಕದಿಂದಾದ ಪಾವತಿಯನ್ನು ಕೇರಳದ ನಿವೃತ್ತ ಶಿಕ್ಷಕರೊಬ್ಬರಿಂದ ವಸೂಲು ಮಾಡುವುದನ್ನು ಸುಪ್ರೀಂ ಕೋರ್ಟು ತಡೆದ 2022ರ ಥಾಮಸ್ ಡೇನಿಯಲ್ ತೀರ್ಪಿನ ಪ್ರತಿಯನ್ನು ಎದುರು ವಕೀಲರಿಗೂ ಕೊಟ್ಟು ಪೀಠಕ್ಕೆ ಒಪ್ಪಿಸಿದೆ. ಅಂದು ಪಿಂಚಣಿಯ ಕಡಿತಕ್ಕೆ ತಡೆ ಸಿಕ್ಕಿತು. ಪ್ರತಿವಾದಿಗಳ ಉತ್ತರ ಬಂದ ನಂತರದ ವಿಚಾರಣೆಯಲ್ಲಿ ವಸೂಲಾತಿಯ ಆದೇಶ ರದ್ದಾಗಿ, ಬಡ್ಡಿಸಹಿತ ಹಣ ಮರಳಿಸಲು ಗಡುವು ನಿಗದಿಯಾಯಿತು.

ತೀರ್ಪು ಬಂದ ಮಾತ್ರಕ್ಕೆ ಹಣ ಬರುವುದಿಲ್ಲ. ದೃಢೀಕೃತ ಪ್ರತಿಯನ್ನು ಪಡೆದು, ಪತ್ರದೊಂದಿಗೆ ಕಚೇರಿಗೆ ಸಲ್ಲಿಸಿ, ಮೊಹರು ಹಾಕಿದ ಸ್ವೀಕೃತಿಯನ್ನು ಇಟ್ಟುಕೊಂಡೆ. ಗಡುವು ಮೀರಿದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಡಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆ ಸ್ವೀಕೃತಿಯೇ ಅದಕ್ಕೆ ಮುಖ್ಯ ದಾಖಲೆಯಾಗುತ್ತದೆ. ನನ್ನ ಪ್ರಕರಣದಲ್ಲಿ ಈ ಕಾಯ್ದೆಯನ್ನು ನೆನಪಿಸಿ ಎರಡನೆಯ ಪತ್ರ ಬರೆದ ಮೇಲೆ ಹಣ ಖಾತೆಗೆ ಜಮೆಯಾಯಿತು.