ಲಿವರ್ ವಾರ್ಡಿನಲ್ಲಿ ಡಿವೈಡರ್

"ಲಿವರ್ ಕೆಟ್ಟವರಿಗೆ ದಿನವೂ ಇಸಿಜಿ ತೆಗೆಸಿ ಏನು ಕಂಡುಹಿಡಿಯುತ್ತೀರಿ ಡಾಕ್ಟರೇ?" ಎಂದು ನಕ್ಕ ಹಿರಿಯ ಡಾಕ್ಟರುಗಳೇ ಈಗ ಇಸಿಜಿ ಕಾಗದವನ್ನು ಮಡಿಚಿಕೊಂಡು ನನ್ನ ಕೋಣೆಗೆ ಬರುತ್ತಾರೆ. ಸುಮಾರು ಎರಡು ವರ್ಷಗಳಿಂದ ನಮ್ಮ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ರೋಗ) ರೋಗಿಗಳಲ್ಲಿ ಒಬ್ಬರಿಗೂ ಟೊರ್ಸಾಡ್, ಅಂದರೆ ಪ್ರಾಣ ತೆಗೆಯಬಲ್ಲ ಹೃದಯದ ಲಯಭಂಗ, ಆಗಿಲ್ಲ. ಜಂಬ ಎಂದರೆ ಜಂಬವೇ ಇರಲಿ.

ಶುರುವಾದದ್ದು ಒಂದು ಸಾವಿನಿಂದ. ರಕ್ತ ವಾಂತಿ ನಿಂತಿತ್ತು, ಅನ್ನನಾಳದ ಉಬ್ಬಿದ ರಕ್ತನಾಳಗಳಿಗೆ ಬ್ಯಾಂಡ್ ಹಾಕಿ ಆಗಿತ್ತು, ಮನೆಯವರು ಊಟಕ್ಕೆ ಹೋಗಿದ್ದರು. ಮಾನಿಟರ್‌ನಲ್ಲಿ ಗೆರೆ ಹಗ್ಗದಂತೆ ಹೊಸೆದುಕೊಂಡದ್ದನ್ನು ನಾನೇ ಕಂಡೆ. ಅದೇ ಟೊರ್ಸಾಡ್. ಆಮೇಲೆ ಔಷಧದ ಹಾಳೆ ತೆರೆದರೆ ರಕ್ತಸ್ರಾವ ತಡೆಯಲು ಟರ್ಲಿಪ್ರೆಸಿನ್, ವಾಂತಿಗೆ ಒಂಡಾನ್ಸೆಟ್ರಾನ್, ಎಂಡೋಸ್ಕೋಪಿಗೆ ಮುಂಚೆ ಹೊಟ್ಟೆ ಖಾಲಿ ಮಾಡಲು ಎರಿಥ್ರೋಮೈಸಿನ್. ರಕ್ತದ ಪೊಟ್ಯಾಸಿಯಂ 2.9, ತೀರ ಕಡಿಮೆ. ಈ ಮೂರೂ ಔಷಧ, ಜೊತೆಗೆ ಈ ಕೊರತೆ, ಇಸಿಜಿಯ ಕ್ಯೂಟಿಯನ್ನು (ಪ್ರತಿ ಬಡಿತದಲ್ಲಿ ಹೃದಯ ಸಂಕುಚಿಸಿ ಮತ್ತೆ ಸಿದ್ಧವಾಗಲು ಹಿಡಿಯುವ ಕಾಲ) ಉದ್ದ ಮಾಡುತ್ತವೆ; ತೀರ ಉದ್ದವಾದರೆ ಟೊರ್ಸಾಡ್. ಒಂದೊಂದನ್ನೂ ಸರಿಯಾದ ಕಾರಣಕ್ಕೇ ಕೊಟ್ಟಿದ್ದೆವು. ಸಿರೋಸಿಸ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಕ್ಯೂಟಿ ಮೊದಲೇ ಉದ್ದವಾಗಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಪರೀಕ್ಷೆಗೆ ಓದಿ ಮರೆತಿರುತ್ತೇವೆ, ಅಷ್ಟೆ.

ಮೊದಲ ವರ್ಷ ಪೂರ್ತಿ ದಂಡ. ಯಂತ್ರವೇ ಮುದ್ರಿಸುವ ಕ್ಯೂಟಿಸಿಯನ್ನು (ನಾಡಿಯ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) ನಂಬಿದೆ. ಹೊಟ್ಟೆಯಲ್ಲಿ ನೀರು ತುಂಬಿದವರ ಅಲೆಗಳು ಗಿಡ್ಡ, ಕೈ ನಡುಗುವವರ ಗೆರೆಯೆಲ್ಲ ಗರಗಸ. ಯಂತ್ರ ಬಾಯಿಗೆ ಬಂದದ್ದು ಹೇಳುತ್ತಿತ್ತು. ಅದರ ಮೇಲೆ ಬ್ಯಾಜೆಟ್ ಲೆಕ್ಕ, ನಾಡಿ ಓಡುವಾಗ ಹೆಚ್ಚಿಸಿ ತೋರಿಸುವ ಸೂತ್ರ. ನಾಡಿ 110, ಕ್ಯೂಟಿ 380 ಮಿಲಿಸೆಕೆಂಡ್ ಇದ್ದರೆ ಬ್ಯಾಜೆಟ್ ಪ್ರಕಾರ 515, ಫ್ರೆಡೆರಿಶಿಯಾ ಎಂಬ ಇನ್ನೊಂದು ಸೂತ್ರದ ಪ್ರಕಾರ 465. ರಕ್ತ ಹೋದವರ ನಾಡಿ ಓಡುತ್ತಲೇ ಇರುತ್ತದೆಯಲ್ಲ, ನನಗೆ ವಾರ್ಡಿನ ಎಲ್ಲರೂ ಅಪಾಯದ ಗೆರೆಯಾದ ಐನೂರು ದಾಟಿದವರಾಗಿ ಕಂಡರು. ಕಂಡಕಂಡ ಔಷಧ ನಿಲ್ಲಿಸಿದೆ. ವಾಂತಿ ನಿಲ್ಲದ ರೋಗಿಗಳ ಮನೆಯವರು ನನ್ನನ್ನು ಬೈದರು, ಅದು ನ್ಯಾಯವೇ.

ಈಗ ಮಗಳ ಜಾಮಿಟ್ರಿ ಪೆಟ್ಟಿಗೆಯ ಡಿವೈಡರ್ ಬಳಸುತ್ತೇನೆ. ಕಾಗದದ ವೇಗ ಸೆಕೆಂಡಿಗೆ 50 ಮಿ.ಮೀ., ಇಸಿಜಿಯ ಗೆರೆಗಳಲ್ಲಿ ಎರಡನೆಯ ಲೀಡ್ ಅಥವಾ ವಿ5, ಕ್ಯೂಟಿ ಮುಗಿಯುವ ಜಾಗ ಹಿಡಿಯಲು ಟಿ ಅಲೆಯ ಇಳಿಜಾರಿಗೆ ಸ್ಪರ್ಶರೇಖೆ, ಐದಾರು ಬಡಿತಗಳ ಸರಾಸರಿ, ಫ್ರೆಡೆರಿಶಿಯಾ. ಟರ್ಲಿಪ್ರೆಸಿನ್‌ನ ಮೊದಲ ಡೋಸ್‌ಗೆ ಮುಂಚೆ ಒಂದು, ಮರುದಿನ ಒಂದು. ಪೊಟ್ಯಾಸಿಯಂ 4ರ ಮೇಲೆ, ಮೆಗ್ನೀಸಿಯಂ 2ರ ಮೇಲೆ. ನಡುಗುವ ರೋಗಿಯಿಂದ ಶುದ್ಧ ಗೆರೆ ತೆಗೆಯಲು ನನ್ನದೇ ಒಂದು ಉಪಾಯವಿದೆ. ಅದನ್ನು ವಾರ್ಡಿಗೆ ಬಂದು ನಿಲ್ಲುವವರಿಗಷ್ಟೇ ತೋರಿಸುತ್ತೇನೆ.

ದುಡ್ಡಿನ ಜಗಳ ಬೇರೆ. ಕಾಗದದ ರೋಲು ತಿಂಗಳಿಗೆ ಹತ್ತು ಹನ್ನೆರಡು ಹೆಚ್ಚಾಯಿತು, ಸಾವಿರದ ಚಿಲ್ಲರೆ. ಮೆಗ್ನೀಸಿಯಂ ಪರೀಕ್ಷೆ ಹೊರಗಿನ ಲ್ಯಾಬಿನಲ್ಲಿ ಮುನ್ನೂರರ ಆಸುಪಾಸು. ಕೂಲಿಯವರ ಕೈಯಲ್ಲಿ ಅದನ್ನು ಹೇಗೆ ಕೊಡಿಸುವುದು? ಕೊನೆಗೆ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ತೆಗೆದುಕೊಳ್ಳುತ್ತ, ಮಲ ಸಡಿಲಿಸುವ ಲ್ಯಾಕ್ಟುಲೋಸ್‌ನಿಂದ ಭೇದಿಯೂ ಆಗುತ್ತಿರುವವರಿಗೆ (ಎರಡರಲ್ಲೂ ಮೆಗ್ನೀಸಿಯಂ ಹೊರಹೋಗುತ್ತದೆ), ಕಿಡ್ನಿ ಸರಿಯಿದ್ದರೆ, ಪರೀಕ್ಷೆಗೆ ಕಾಯದೆ ಮೆಗ್ನೀಸಿಯಂ ಕೊಡಲು ಶುರುಮಾಡಿದೆ. ಆಂಪೂಲ್ ಪರೀಕ್ಷೆಗಿಂತ ಅಗ್ಗ.

ನಡುವೆ ಒಂದು ಹುಚ್ಚೂ ಹತ್ತಿತ್ತು. ಓಟಗಾರರು ಎದೆಗೆ ಕಟ್ಟಿಕೊಳ್ಳುವ ಪಟ್ಟಿಯನ್ನು ಏಳೆಂಟು ಸಾವಿರ ಕೊಟ್ಟು ತರಿಸಿ, ನಿಮಿಷಕ್ಕೆ ಆರು ಉಸಿರಿನಂತೆ ಎಳೆಸಿ, ಬಡಿತದ ಏರಿಳಿತ ಅಳೆಯಲು ಹೊರಟೆ. ರೋಗ ಬಲಿತಷ್ಟೂ ಏರಿಳಿತ ಸಪಾಟಾಗುವುದು ನಿಜವೇ. ಆದರೆ ಹೊಟ್ಟೆ ಉಬ್ಬಿದವರು ಅಷ್ಟು ದೀರ್ಘ ಉಸಿರೆಳೆಯಲಾರರು, ಪಟ್ಟಿ ಜಾರುತ್ತಿತ್ತು, ಅರ್ಧದಷ್ಟು ಜನ ನಾಡಿಯನ್ನೇ ನಿಧಾನಗೊಳಿಸುವ ಕಾರ್ವೆಡಿಲಾಲ್ ಮೇಲಿದ್ದರು. ಏಳನೆಯ ರೋಗಿಗೆ ಕೈಬಿಟ್ಟೆ. ಪಟ್ಟಿ ಈಗ ಅಳಿಯನ ಬಳಿ ಇದೆ.

ನಕ್ಕವರ ಬಾಯಿ ಮುಚ್ಚಿಸಿದ ರೋಗಿಯೊಬ್ಬರಿದ್ದಾರೆ. ಬಂದಾಗ ಕ್ಯೂಟಿಸಿ 450, ಟರ್ಲಿಪ್ರೆಸಿನ್ ಕೊಟ್ಟ ಮರುದಿನ 530. ಬ್ಯಾಂಡ್ ಹಾಕಿ ಆಗಿದ್ದರಿಂದ ಔಷಧ ನಿಲ್ಲಿಸಿ, ಎರಡು ಗ್ರಾಂ ಮೆಗ್ನೀಸಿಯಂ ಹಾಕಿ, ಪೊಟ್ಯಾಸಿಯಂ ತುಂಬಿಸಿದೆ. ಮೂರನೆಯ ದಿನ 470ಕ್ಕೆ ಇಳಿಯಿತು. ಮೂರೂ ಕಾಗದಗಳನ್ನು ಸಾಲಾಗಿ ಅಂಟಿಸಿ ಡಾಕ್ಟರುಗಳ ಕೋಣೆಯ ಗೋಡೆಗೆ ಹಚ್ಚಿದೆ.

ಗೆಲ್ಲಲಾಗದಿರುವುದು ರಾತ್ರಿ ಪಾಳಿಯವರನ್ನು. ಕುಡಿತ ಬಿಟ್ಟ ಮೂರನೆಯ ದಿನ ರೋಗಿ ಹಾಸಿಗೆಯಿಂದ ಎದ್ದು ಕೂಗಾಡಿದರೆ ಅವರ ಕೈ ಮೊದಲು ಹೋಗುವುದು ಕ್ಯೂಟಿ ಉದ್ದ ಮಾಡುವ ಹ್ಯಾಲೋಪೆರಿಡಾಲ್‌ಗೆ. ಶಾಂತಗೊಳಿಸಲು ಲೊರಾಜೆಪಾಮ್ ಮೊದಲು ಎಂದು ಕಪಾಟಿನ ಬಾಗಿಲ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಹೋದ ವಾರವೂ ಯಾರೋ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು.